ಕ್ಯಾತಪ್ಪನ ಗಿಟಾರು, ನಂದೀಶ್ವರಯ್ಯನ ಕೊಡ

ಮದುವೆ ಮನೆಯ ಮುಂದೆ ಮೈಕ್ ಸೆಟ್ ಇಳಿಸಿದ ಕೂಡಲೇ ನಂದೀಶ್ವರಯ್ಯ ಕೇಳುತ್ತಿದ್ದ ಮೊದಲ ಮಾತು ಒಂದೇ: "ಬಾವಿ ಎಲ್ಲೈತೆ?" ಕಾಫಿ ಬೇಕೇ, ತಿಂಡಿ ಆಯಿತೇ ಎಂದು ಹೆಣ್ಣಿನ ಕಡೆಯವರು ಉಪಚಾರ ಮಾಡುತ್ತ ನಿಂತಿದ್ದರೂ ಅವನ ಕಣ್ಣು ಮಾತ್ರ ಹಿತ್ತಲ ಕಡೆಗೇ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಅವನಿಗೆ ನೀರಯ್ಯ ಎಂದು ಅಡ್ಡಹೆಸರೇ ಬಿದ್ದಿತ್ತು. "ಏನ್ ಅಯ್ನೋರೇ, ಮೈಕ್ ಹಾಕೋಕೆ ಬಂದ್ರೋ ತೋಟ ಮಾಡೋಕೆ ಬಂದ್ರೋ?" ಎಂದು ಅಡುಗೆಯವರು ಕೂಡ ಕಿಚಾಯಿಸುತ್ತಿದ್ದರು.

ಕಿಚಾಯಿಸುವವರಿಗೇನು, ಮೈಕು ಹಿಡಿಯುವವನ ಕಷ್ಟ ಅವರಿಗೆ ಗೊತ್ತೇ? ನಂದೀಶ್ವರಯ್ಯನ ಹತ್ತಿರ ಇದ್ದದ್ದು ವಾಲ್ವಿನ ಹಳೇ ಆಂಪ್ಲಿಫೈಯರು. ಒಳಗಿನ ಕರೆಂಟು ಅಷ್ಟಿಷ್ಟು ಹೊರಮೈಗೆ ಸೋರುವುದು ಅಂಥ ಪೆಟ್ಟಿಗೆಗಳ ಹಣೆಬರಹ. ಸೋರಿದ ಕರೆಂಟು ಮನುಷ್ಯನ ಮೈ ಹತ್ತದೆ ಭೂಮಿಗೆ ಇಳಿಯಬೇಕಾದರೆ ಪೆಟ್ಟಿಗೆಯಿಂದ ಒಂದು ತಂತಿ ಎಳೆದು, ಅದನ್ನು ಕಬ್ಬಿಣದ ಸಲಾಕೆಗೆ ಕಟ್ಟಿ, ಸಲಾಕೆಯನ್ನು ಒದ್ದೆ ಮಣ್ಣಿನಲ್ಲಿ ನೆಡಬೇಕು. ನಮ್ಮ ಸೀಮೆಯ ಮಣ್ಣು ವರ್ಷಕ್ಕೆ ಎಷ್ಟು ದಿನ ಒದ್ದೆ ಇರುತ್ತದೆ? ಆದ್ದರಿಂದ ಮೊಳದಾಳದ ಗುಂಡಿ ತೋಡಿ, ಸಲಾಕೆ ನೆಟ್ಟು, ಎರಡು ಹಿಡಿ ಕಲ್ಲುಪ್ಪು ಹಾಕಿ, ಅರ್ಧ ಗಂಟೆಗೊಮ್ಮೆ ಒಂದು ಕೊಡ ನೀರು ಸುರಿಯುವುದು ಮೈಕ್ ಸೆಟ್ಟಿನವರ ಪದ್ಧತಿ. ಉಳಿದವರು ಬೆಳಿಗ್ಗೆ ಒಂದು ಕೊಡ ಹಾಕಿ ಎಲೆಯಡಿಕೆ ಜಗಿಯುತ್ತ ಕೂರುತ್ತಿದ್ದರು. ನಂದೀಶ್ವರಯ್ಯ ಗಡಿಯಾರ ನೋಡಿ ಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ದಿನ ಅವನು ಮರೆತ, ಮತ್ತು ಆ ದಿನ ನೆಟ್ಟಗಾಗಲಿಲ್ಲ.

ಅದಕ್ಕೆ ಮೊದಲು ಕ್ಯಾತಪ್ಪನ ವಿಷಯ ಹೇಳಬೇಕು.

ನಂದೀಶ್ವರಯ್ಯ ಕ್ಯಾತಪ್ಪನನ್ನು ಮೊದಲು ಕಂಡದ್ದು ಎಪ್ಪತ್ತನೇ ಇಸವಿಯಲ್ಲಿ, ಶಿರಾದ ಒಂದು ಮದುವೆಯಲ್ಲಿ. ಬ್ಯಾಂಡ್ ಸೆಟ್ ಎಂದರೆ ನಂದೀಶ್ವರಯ್ಯನಿಗೆ ಆಗುತ್ತಿರಲಿಲ್ಲ. ತಾನು ಒಳ್ಳೊಳ್ಳೆ ರೆಕಾರ್ಡು ಹಾಕಿದ ಹೊತ್ತಿಗೆ ಸರಿಯಾಗಿ ಬಂದು ಡಂ ಡಂ ಎಂದು ಎಲ್ಲವನ್ನೂ ಮುಳುಗಿಸಿಬಿಡುತ್ತಾರೆ ಎಂದು ಅವನ ತಕರಾರು. ಅವತ್ತು ಕೂಡ ಮುಖ ಗಂಟು ಹಾಕಿಕೊಂಡೇ ಕೂತಿದ್ದ. ಆದರೆ ಸಣ್ಣ ಡ್ರಮ್ಮಿನ ಕಡ್ಡಿ ಹಿಡಿದಿದ್ದ ತೆಳ್ಳನೆಯ ಆಳೊಬ್ಬ ಬಾರಿಸುತ್ತ ಬಾರಿಸುತ್ತ ನಡುವೆ ಎಲ್ಲೋ ಒಂದು ಪೆಟ್ಟು ಬಿಟ್ಟ. ಬಿಟ್ಟ ಪೆಟ್ಟು ಕೇಳಿಸಿತು ಅಂತಲೇ ನಂದೀಶ್ವರಯ್ಯನ ಕಿವಿ ನಿಮಿರಿದ್ದು. ಇಲ್ಲದ ಪೆಟ್ಟನ್ನು ಕೇಳಿಸುವವನು ಸಾಮಾನ್ಯದವನಲ್ಲ ಎಂದುಕೊಂಡು, ಊಟದ ಹೊತ್ತಿಗೆ ಅವನ ಪಕ್ಕದ ಎಲೆ ಹುಡುಕಿಕೊಂಡು ಹೋಗಿ ಕೂತ.

"ಯಾವೂರ್ಲಾ?"

"ಪಟ್ಟನಾಯಕನಹಳ್ಳಿ ಆಚೆ ಹಟ್ಟಿ ಅಯ್ನೋರೇ. ಗೊಲ್ರು. ಕ್ಯಾತಪ್ಪ ಅಂತಾರೆ."

"ಕ್ಲಾರಿನೆಟ್ ಯಾಕೆ ಕಲೀಲಿಲ್ಲ? ಬ್ಯಾಂಡಿನಾಗೆ ಮರ್ಯಾದೆ ಇರೋದು ಊದೋನಿಗೆ ಕಣ್ಲಾ."

ಕ್ಯಾತಪ್ಪ ಅನ್ನ ಕಲಸುತ್ತ ತಲೆ ಎತ್ತದೆ ಹೇಳಿದ: "ಬಾಯಿ ಕೊಟ್ಬುಟ್ಟಿವ್ನಿ ಅಯ್ನೋರೇ."

ಬಾಯಿ ಕೊಡುವುದು ಎಂದರೆ ಏನೆಂದು ನಂದೀಶ್ವರಯ್ಯನಿಗೆ ಆಮೇಲೆ ತಿಳಿಯಿತು. ಕ್ಯಾತಪ್ಪನ ಹಟ್ಟಿಯಲ್ಲಿ ದೇವರ ಮುಂದೆ ಗಣೆ ಊದುತ್ತಾರೆ. ಗಣೆ ಎಂದರೆ ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಇರುವ ಬಿದಿರಿನ ಕೊಳಲು. ಕ್ಯಾತಪ್ಪನ ಮನೆತನದವರೇ ತಲೆತಲಾಂತರದಿಂದ ಅದನ್ನು ಊದುತ್ತ ಬಂದವರು, ಈಗ ಊದುತ್ತಿದ್ದವನು ಅವನ ಅಪ್ಪ ಕಾಟಪ್ಪ. ಆ ಮನೆಯಲ್ಲಿ ಒಂದು ಕಟ್ಟು ಇತ್ತು. ಗಣೆಗೆ ಇಟ್ಟ ಬಾಯನ್ನು ಬೇರೆ ಯಾವ ವಾದ್ಯಕ್ಕೂ ಇಡಬಾರದು. ಕ್ಯಾತಪ್ಪನಿಗೆ ಹದಿನಾಲ್ಕು ತುಂಬಿದಾಗ ದೇವರ ಮುಂದೆ ಕೂರಿಸಿ, ತುಟಿಗೆ ಹಾಲು ಮುಟ್ಟಿಸಿ, ಅವನ ಬಾಯನ್ನು ದೇವರಿಗೆ ಬಿಟ್ಟುಕೊಟ್ಟಿದ್ದರು. ಬ್ಯಾಂಡಿನ ಯಜಮಾನ ಸಾಬರು ಮೂರು ಸಲ ಕ್ಲಾರಿನೆಟ್ಟನ್ನು ಕೈಗೆ ಕೊಟ್ಟು, "ಏಕ್ ಬಾರ್ ಊದ್ ನೋಡೋ" ಎಂದು ಪುಸಲಾಯಿಸಿದರೂ ಅವನು ಮೂಸಿ ಕೂಡ ನೋಡಲಿಲ್ಲವಂತೆ.

ಊದುವುದೊಂದನ್ನು ಬಿಟ್ಟರೆ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿದ. ಇದನ್ನು ಹೇಳುವಾಗ ನಂದೀಶ್ವರಯ್ಯ ಸ್ವಂತ ತಮ್ಮನ ವಿಷಯ ಹೇಳುವವನಂತೆ ಬೀಗುತ್ತಿದ್ದ. ಡ್ರಮ್ಮು ಬಾರಿಸಿ ಬೇಜಾರಾಗಿ ಕ್ಯಾತಪ್ಪ ಪಾವಗಡದ ಕಡೆಗೆ ಹೋದ. ಅಲ್ಲಿ ಒಂದು ನಾಟಕದ ಪಾರ್ಟಿಯವರಿಗೆ ಹಾರ್ಮೋನಿಯಂ ಮೇಷ್ಟ್ರು ಕೈಕೊಟ್ಟಿದ್ದರು. ಇವನು ಅವರ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದವನು ಎರಡೇ ತಿಂಗಳಲ್ಲಿ ಪೆಟ್ಟಿಗೆಯ ಮುಂದೆ ಕೂತ. ಒಂದು ಮುಂಜಾನೆ ಅಭ್ಯಾಸಕ್ಕೆ ಮೈಕು ಹೊಂದಿಸಲು ಹೋಗಿದ್ದ ನಂದೀಶ್ವರಯ್ಯ ಕಣ್ಣಾರೆ ಕಂಡ: ತೆಲುಗು ಪದ್ಯ ಹಾಡುವ ಮುದುಕನೊಬ್ಬ ರಾಗವನ್ನು ಎಳೆದಾಡಿ ಎಲ್ಲೆಲ್ಲಿಗೋ ಹೋದರೂ ಕ್ಯಾತಪ್ಪನ ಬೆರಳು ಅವನ ಹಿಂದೆಯೇ ಇತ್ತು. ಪದ್ಯ ಮುಗಿಸಿ ಆ ಮುದುಕ, "ಬಾಗ ವಾಯಿಂಚಿನಾವಪ್ಪಾ" ಎಂದು ಬೆನ್ನು ತಟ್ಟಿದ. ತೆಲುಗಿನವರು ಹೊಗಳಿದರೆಂದು ನಂದೀಶ್ವರಯ್ಯನಿಗೆ ಹೆಮ್ಮೆಯೋ ಹೆಮ್ಮೆ. ಆದರೆ ತಾನು ಮಾತ್ರ ಬಾಯಿಬಿಟ್ಟು ಹೊಗಳಲಿಲ್ಲ. "ಸೌಂಡ್ ಸರಿ ಇತ್ತು ಕಣ್ಲಾ" ಎಂದಷ್ಟೇ ಹೇಳಿದ. ಅವನ ಬಾಯಲ್ಲಿ ಬರುತ್ತಿದ್ದ ದೊಡ್ಡ ಹೊಗಳಿಕೆ ಅದೇ, ಅದಕ್ಕಿಂತ ಮೇಲಿನದು ಅವನಿಗೆ ಬರುತ್ತಿರಲಿಲ್ಲ.

ಎಪ್ಪತ್ತಾರರಲ್ಲಿ ಮಧುಗಿರಿ ಬೆಟ್ಟ ಹತ್ತಲು ಒಬ್ಬ ಪರದೇಶದವನು ಬಂದ. ಭುಜದ ತನಕ ಕೂದಲು, ಸೊಂಟಕ್ಕೆ ಲುಂಗಿ, ಕಂಕುಳಲ್ಲಿ ಕೆಟ್ಟುಹೋದ ಟೇಪ್ ರೆಕಾರ್ಡರು. ಊರಲ್ಲಿ ಇಂಥದ್ದು ಬಿಚ್ಚಿ ನೋಡುವವನು ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ನಂದೀಶ್ವರಯ್ಯ ಒಬ್ಬನೇ. ಸಿಕ್ಕಿಕೊಂಡಿದ್ದ ಟೇಪನ್ನು ಬಿಡಿಸಿ, ಬೆಲ್ಟು ಬದಲಾಯಿಸಿ ಕೊಟ್ಟ. ಹೊರಡುವಾಗ ಆ ಮನುಷ್ಯ ಖುಷಿಯಾಗಿ ಒಂದು ಕ್ಯಾಸೆಟ್ಟನ್ನು ಇವನ ಕೈಯಲ್ಲಿಟ್ಟು ಏನೇನೋ ಹೇಳಿದ. ಇವನಿಗೆ ಬರುವ ಇಂಗ್ಲಿಷು ಅಂಗಡಿಯ ಬೋರ್ಡಿನಷ್ಟು. ಅವನು ನಾಲ್ಕು ಬೆರಳು ತೋರಿಸಿ ಬ್ಯಾಂಡು ಎಂದ, ಒಂದು ಬೆರಳು ತೋರಿಸಿ ಮ್ಯಾನು ಎಂದ. ಆಮೇಲೆ ಗಿಟಾರು ಬಾರಿಸಿದ ಹಾಗೆ, ಡ್ರಮ್ಮು ಹೊಡೆದ ಹಾಗೆ, ಪಿಯಾನೋ ಒತ್ತಿದ ಹಾಗೆ ಕೈ ಆಡಿಸಿ ತೋರಿಸಿದ. ನಾಲ್ಕು ಬ್ಯಾಂಡಿನ ಹಾಡುಗಳಿವೆ, ಎಲ್ಲದರಲ್ಲೂ ಇರುವವನು ಒಬ್ಬನೇ, ಅವನಿಗೆ ಎಲ್ಲವೂ ಬರುತ್ತದೆ ಎಂದು ನಂದೀಶ್ವರಯ್ಯ ಅರ್ಥ ಮಾಡಿಕೊಂಡ. ಕ್ಯಾಸೆಟ್ಟಿನ ಮೇಲಿನ ಚೀಟಿ ಅರ್ಧ ಹರಿದಿತ್ತು. ಆ ಆಸಾಮಿಯ ಹೆಸರೇನೆಂದು ಇವರಿಗೆ ಕೊನೆತನಕ ತಿಳಿಯಲಿಲ್ಲ.

ಒಬ್ಬನೇ ಎಲ್ಲವನ್ನೂ ನುಡಿಸುವವನು ಎಂದ ಕೂಡಲೇ ನಂದೀಶ್ವರಯ್ಯನಿಗೆ ಕ್ಯಾತಪ್ಪನ ನೆನಪಾಯಿತು. ಪಾವಗಡದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ. ಕ್ಯಾತಪ್ಪ ಬಂದು ಅಂಗಡಿಯಲ್ಲಿ ತಂತಿಸುರುಳಿಯ ಪೆಟ್ಟಿಗೆಯ ಮೇಲೆ ಕೂತು ಕ್ಯಾಸೆಟ್ಟು ಕೇಳಿದ. ಮಗುಚಿ ಹಾಕಿ ಕೇಳಿದ. ಮೂರು ದಿನ ಊಟ ತಿಂಡಿಗೆ ಬಿಟ್ಟರೆ ಮೇಲೇಳಲಿಲ್ಲ. ನಂದೀಶ್ವರಯ್ಯನ ಹೆಂಡತಿ ಸಿದ್ದಗಂಗಮ್ಮ ಊಟ ತಂದಿಟ್ಟವಳು, "ಇದೇನ್ರೀ ಇದು, ಡಬ್ಬಾನ ನೆಲದ ಮ್ಯಾಲೆ ಎಳ್ದಾಡ್ದಂಗೈತೆ" ಎಂದು ಮೂಗು ಮುರಿದು ಹೋದಳು. ಮೂರನೇ ದಿನ ಗಿಟಾರು ಒಂಟಿಯಾಗಿ ಮೇಲೇರುವ ಜಾಗದಲ್ಲಿ ಕ್ಯಾತಪ್ಪ ಗುಂಡಿ ಒತ್ತಿ ನಿಲ್ಲಿಸಿದ.

"ಅಯ್ನೋರೇ, ಇದು ಗಣೆ ಕಣ್ರೀ."

"ಲೇ, ತಲೆ ಗಿಲೆ ಕೆಟ್ಟೈತೇನ್ಲಾ? ಅದು ತಂತಿ ವಾದ್ಯ."

"ವಾದ್ಯ ಯಾವ್ದಾದ್ರೂ ಆಗ್ಲಿ. ಹಾರ್ಮೋನಿಯಂನಾಗೆ ಈ ಸ್ವರದ ಮನೆಯಿಂದ ಆ ಸ್ವರದ ಮನೇಗೆ ನೆಗೀಬೇಕು. ಗಣೆಯಾಗೆ ಅಂಗಲ್ಲ, ಜಾರ್ಕೊಂಡೇ ಹೋಗ್ಬೋದು. ಇವ್ನು ತಂತಿ ಬಗ್ಗಿಸಿ ಜಾರ್ತಾವ್ನೆ ನೋಡ್ರಿ. ನಮ್ಮಪ್ಪನೂ ಇಂಗೇ ಜಾರ್ತಾನೆ." ಹೇಳುತ್ತ ಹೇಳುತ್ತ ಅವನ ಕಣ್ಣು ಒದ್ದೆಯಾಯಿತು. "ಊದದೇನೇ ಗಣೆ ನುಡಿಸ್ಬೋದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಯ್ನೋರೇ."

ಆ ಸಮಯಕ್ಕೆ ಮಧುಗಿರಿಯ ಜವಳಿ ಅಂಗಡಿ ಶಂಕರಲಿಂಗಪ್ಪ ಒಂದು ಆರ್ಕೆಸ್ಟ್ರಾ ಕಟ್ಟುತ್ತಿದ್ದ. ಮಲ್ಲೇಶ್ವರ ಮೆಲೋಡೀಸ್ ಎಂದು ಹೆಸರು. ಬೆಂಗಳೂರಿನಿಂದ ಯಾರೋ ಬಾರಿಸಿ ಬಿಟ್ಟ ಕೆಂಪು ಎಲೆಕ್ಟ್ರಿಕ್ ಗಿಟಾರು ಬಂತು. ಅದಕ್ಕೆ ಬೇಕಾದ ಆಂಪ್ಲಿಫೈಯರನ್ನು ನಂದೀಶ್ವರಯ್ಯ ತನ್ನ ಕೈಯಾರೆ ಕೂಡಿಸಿದ. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರು, ಹಳೇ ಮೈಕ್ ಸೆಟ್ಟಿನ ವಾಲ್ವು, ಟ್ರಂಕಿನ ತಗಡು. ಅದೂ ಮುಟ್ಟಿದರೆ ಜುಂ ಎನ್ನುತ್ತಿತ್ತು. ಕರೆಂಟನ್ನು ಭೂಮಿಗೆ ಇಳಿಸುವ ಅದರ ಅರ್ತ್ ತಂತಿಗೆ ಇನ್ನೊಂದು ಸಲಾಕೆ ಮಾಡಿಸಿ ಅದೇ ಗುಂಡಿಯಲ್ಲಿ ನೆಟ್ಟ.

ಮುಂದಿನ ಆರು ವರ್ಷ ನಂದೀಶ್ವರಯ್ಯನ ಬಾಳಿನಲ್ಲಿ ಬಂಗಾರದ ವರ್ಷಗಳು. ಮದುವೆಗಳಲ್ಲಿ ಜನ ಕೇಳುತ್ತಿದ್ದದ್ದು ಸಿನಿಮಾ ಹಾಡೇ. ಕ್ಯಾತಪ್ಪ ಒಪ್ಪವಾಗಿ ಸಿನಿಮಾ ಹಾಡು ಬಾರಿಸಿ, ಎರಡು ಹಾಡಿನ ಮಧ್ಯೆ ಎಲ್ಲರೂ ವಧುವರರಿಗೆ ಉಡುಗೊರೆ ಕೊಡುವ ಗದ್ದಲದಲ್ಲಿದ್ದಾಗ ಎರಡು ನಿಮಿಷ ಆ ಕ್ಯಾಸೆಟ್ಟಿನ ಆಸಾಮಿಯ ದಾರಿ ಹಿಡಿಯುತ್ತಿದ್ದ. "ಏನಯ್ಯಾ ಅದು, ತಂತಿ ಕಿತ್ತೋಯ್ತಾ?" ಎಂದು ಮುದುಕರು ಕೇಳಿದರೆ ನಂದೀಶ್ವರಯ್ಯ ಜಗಳಕ್ಕೇ ನಿಲ್ಲುತ್ತಿದ್ದ. ಗೊರವನಹಳ್ಳಿಯಲ್ಲಿ ಗಂಡಿನ ಸೋದರಮಾವನಿಗೆ, "ನಿಮ್ಮ ಕಿವೀಗೆ ಎಣ್ಣೆ ಬಿಟ್ಕೊಂಡು ಬರ್ರಿ ಹೋಗ್ರಿ" ಎಂದು ರೇಗಿ, ಮೂರು ಹೊತ್ತಿನ ಮದುವೆ ಊಟ ಕಳೆದುಕೊಂಡ. ಅಷ್ಟಾದರೂ ಕ್ಯಾತಪ್ಪನ ಮುಂದೆ ನಿಂತಾಗ ಬಾಯಿಂದ ಹೊರಡುತ್ತಿದ್ದದ್ದು ಅದೇ, "ಸೌಂಡ್ ಸರಿ ಇತ್ತು."

ವರ್ಷಕ್ಕೊಮ್ಮೆ ಕ್ಯಾತಪ್ಪ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಪ್ಯಾಂಟು ಬಿಚ್ಚಿ ಪಂಚೆ ಉಟ್ಟು, ಕಂಬಳಿ ಹೊದ್ದು ಹಟ್ಟಿಗೆ ಹೋಗುತ್ತಿದ್ದ. ಅಪ್ಪನ ಪಕ್ಕ ಕೂತು ದೇವರ ಮುಂದೆ ಗಣೆ ಊದಿ ಬರುತ್ತಿದ್ದ. ನಂದೀಶ್ವರಯ್ಯನಿಗೆ ಅದೊಂದು ಆಸೆ ಉಳಿದಿತ್ತು.

"ಒಂದ್ಸಲ ನಾನೂ ಬಂದು ಕೇಳ್ತೀನ್ಲಾ."

"ಹೊರಗಿನೋರು ಕೇಳಂಗಿಲ್ಲ ಅಯ್ನೋರೇ. ಅದು ದ್ಯಾವ್ರಿಗೇಯ."

ಎಂಬತ್ತೆರಡರ ಮಾಘದಲ್ಲಿ ಕಾಟಪ್ಪ ತೀರಿಕೊಂಡ. ಇನ್ನು ಮೇಲೆ ಗಣೆಗೆ ಕ್ಯಾತಪ್ಪನೊಬ್ಬನೇ. ಕಾರ್ಯ ಮುಗಿಸಿ ಬಂದವನು ಮಾತು ಕಡಿಮೆ ಮಾಡಿದ್ದ. ವೈಶಾಖದಲ್ಲಿ ಕೊರಟಗೆರೆಯ ಮದುವೆ ಬಂತು.

ಮಧ್ಯಾಹ್ನ ಮೂರು ಗಂಟೆ. ದೊಡ್ಡ ಪಂಕ್ತಿ ಎದ್ದು, ಚಪ್ಪರದಡಿ ಅಲ್ಲೊಬ್ಬರು ಇಲ್ಲೊಬ್ಬರು ತೂಕಡಿಸುತ್ತಿದ್ದರು. ಆರ್ಕೆಸ್ಟ್ರಾದ ಹಾಡುಗಾರರು ಊಟಕ್ಕೆ ಹೋಗಿದ್ದರು. ವೇದಿಕೆಯ ಮೇಲೆ ಕ್ಯಾತಪ್ಪ ಒಬ್ಬನೇ ಹಾಡುಗಾರರ ಮೈಕಿನ ಮುಂದೆ ಗಿಟಾರು ಹಿಡಿದು ಕೂತಿದ್ದ. ಗರಸು ನೆಲ, ಕೆಂಡದಂಥ ಬಿಸಿಲು. ನಂದೀಶ್ವರಯ್ಯ ಗಡಿಯಾರ ನೋಡಿ ಬಾವಿಗೆ ಹೋಗಿ ಕೊಡ ತುಂಬಿಕೊಂಡು ಬಂದ. ಅರ್ತ್ ಗುಂಡಿಗೆ ಇನ್ನು ಹತ್ತು ಹೆಜ್ಜೆ ಇದ್ದಾಗ ಗಿಟಾರು ಕೇಳಿಸಿತು.

ಮೊದಲು ಬಂದದ್ದು ಕ್ಯಾಸೆಟ್ಟಿನ ಆಸಾಮಿಯ ವರಸೆ. ಅದು ನಂದೀಶ್ವರಯ್ಯನಿಗೆ ಬಾಯಿಪಾಠ. ಆದರೆ ನಿಲ್ಲಬೇಕಾದ ಜಾಗದಲ್ಲಿ ಅದು ನಿಲ್ಲಲಿಲ್ಲ, ಜಾರಿಕೊಂಡು ಇನ್ನೆಲ್ಲಿಗೋ ಇಳಿಯಿತು. ನಂದೀಶ್ವರಯ್ಯ ಎಂದೂ ಕೇಳದ ಕಡೆಗೆ. ಕ್ಯಾತಪ್ಪ ಕಣ್ಣು ಮುಚ್ಚಿದ್ದ. ತಂತಿಯ ಜೊತೆಗೆ ಅವನ ಗಂಟಲೂ ಸೇರಿಕೊಂಡಿತು. ಮಾತಿಲ್ಲ, ಬರೀ ಊಕಾರ, ಟೊಳ್ಳು ಬಿದಿರಿನಿಂದ ಬರುವ ಉಸಿರಿನ ದನಿ. ಇದೇ ಗಣೆ, ಅಪ್ಪನಿಗಾಗಿ ನುಡಿಸುತ್ತಿದ್ದಾನೆ ಎಂದು ನಂದೀಶ್ವರಯ್ಯನಿಗೆ ಗೊತ್ತಾಯಿತು. ಹನ್ನೆರಡು ವರ್ಷ ಕಾದಿದ್ದನ್ನು ಕೇಳುತ್ತಿದ್ದೇನೆ ಎಂದು ಗೊತ್ತಾಯಿತು. ತುಂಬಿದ ಕೊಡ ಹೆಗಲ ಮೇಲೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. ಎಷ್ಟು ಹೊತ್ತು ನಿಂತನೋ ಅವನಿಗೆ ತಿಳಿಯದು. ಹತ್ತು ಹೆಜ್ಜೆಯಾಚೆ ಗುಂಡಿಯ ಮಣ್ಣು ಒಣಗುತ್ತಿತ್ತು, ಅದೂ ಅವನಿಗೆ ತಿಳಿಯಲಿಲ್ಲ.

ಕ್ಯಾತಪ್ಪ ಇನ್ನಷ್ಟು ಮುಂದಕ್ಕೆ ಬಾಗಿದ. ಅವನ ತುಟಿ ಮೈಕಿನ ಜಾಲರಿಗೆ ತಗುಲಿತು.

ಟಪ್ ಎಂದು ಸದ್ದಾಯಿತು. ತುಟಿ ಜಾಲರಿಗೆ ಅಂಟಿಕೊಂಡಿತ್ತು, ಎಡಗೈ ಗಿಟಾರಿನ ಕತ್ತು ಹಿಡಿದು ಮುಷ್ಟಿಯಾಗಿತ್ತು, ಮೈ ಅದುರುತ್ತಿತ್ತು. ನಂದೀಶ್ವರಯ್ಯ ಕೊಡ ಎಸೆದು ಓಡಿ ಮೇನ್ ಸ್ವಿಚ್ ಕಿತ್ತ. ಎಸೆದ ಕೊಡದ ನೀರು ಗುಂಡಿಗೆ ಬೀಳದೆ ಚಪ್ಪರದ ಕಂಬದ ಬುಡಕ್ಕೆ ಹರಿದುಹೋಯಿತು.

ಜೀವ ಉಳಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ತಿಂಗಳೊಪ್ಪತ್ತು ಮಲಗಿ ಎದ್ದ. ಎಡಗೈಯ ಕೊನೆಯ ಎರಡು ಬೆರಳು ಮಡಚಿಕೊಂಡು ನಿಂತವು, ಮತ್ತೆ ಬಿಚ್ಚಿಕೊಳ್ಳಲಿಲ್ಲ. ಕೆಳತುಟಿ ಸುಟ್ಟು ಮಾಯ್ದು ಒಂದು ಕಡೆಗೆ ಎಳೆದುಕೊಂಡಿತು. ಗಿಟಾರು ಹೋಯಿತು, ಹಾರ್ಮೋನಿಯಂ ಹೋಯಿತು, ಗಣೆಯೂ ಹೋಯಿತು. ಮದುವೆ ಮನೆಯವರು ಕರೆಂಟಿನವರನ್ನು ಬೈದರು. ಶಂಕರಲಿಂಗಪ್ಪ ಹಳೇ ಗಿಟಾರನ್ನು ಬೈದ. ನಂದೀಶ್ವರಯ್ಯನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಅಷ್ಟು ನೀರು ಸುರಿಯುವ ಮನುಷ್ಯನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಅವನು ಬಾಯಿಗೆ ಬೀಗ ಹಾಕಿಕೊಂಡು ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿ ಬಂದ. ಪುಣ್ಯಾತ್ಮ ಅಂದೇ ಹೇಳಿಬಿಡಬಾರದಿತ್ತೇ? ಹೇಳಲಿಲ್ಲ. ಹೆದರಿದ.

ಮೂರು ತಿಂಗಳಾದ ಮೇಲೆ ಕ್ಯಾತಪ್ಪನ ಹೆಂಡತಿ ಪುಟ್ಟಕ್ಕ ಮಧುಗಿರಿಯ ಅಂಗಡಿಗೆ ಬಂದಳು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಲ್ಲೇ ನಿಂತಳು.

"ಹಟ್ಟಿಯಾಗೆ ನಮ್ಮನೆಯೋರು ತಲೆ ಎತ್ತಂಗಿಲ್ಲ ಅಯ್ನೋರೇ. ಅವತ್ತು ನುಡಿಸಿದ್ದ ಇವ್ರೇ ಹೇಳ್ಕಂಡ್ರು. ದ್ಯಾವ್ರಿಗೆ ಕೊಟ್ಟ ಬಾಯ್ನ ಕಬ್ಣಕ್ಕೆ ಇಟ್ಟ, ದ್ಯಾವ್ರ ರಾಗವ ಕಂಡೋರ ಮದುವ್ಯಾಗೆ ಬಿಟ್ಟ, ಅದ್ಕೇ ದ್ಯಾವ್ರು ಬಾಯ್ಗೇ ಹೊಡ್ದವ್ನೆ ಅಂತಾರೆ ಹಟ್ಟಿಯೋರು. ಗುಡಿ ತಾವ ಸೇರಸ್ತಿಲ್ಲ. ಹಟ್ಟಿ ಬೇಲಿಯಾಚೆ ಕುಂತವ್ರೆ. ಊದೋಕೆ ಆಗಾಕಿಲ್ಲ, ಅದ್ಕಲ್ಲ ಅಳೋದು. ನಮ್ಮಪ್ಪನ ಗಣೇನ ಒಂದ್ಸಲ ಮುಟ್ಟಾಕೂ ಬುಡಲ್ವಲ್ಲ ಅಂತ ಅಳ್ತಾರೆ. ನೀವು ಕರೆಂಟು ತಿಳ್ದೋರು, ಒಂದ್ಮಾತು ಬಂದು ಹೇಳ್ರಿ."

ಅವಳು ಹೋದ ಮೇಲೆ ನಂದೀಶ್ವರಯ್ಯ ಮೊದಲ ಸಲ ಬಾಯಿಬಿಟ್ಟ. ಸಿದ್ದಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಹೋಗಿ ಹೇಳ್ಬುಡ್ರಿ. ಹೊಡುದ್ರೆ ಹೊಡಿಸ್ಕಳ್ರಿ. ಅವನ ತಲೆ ಮ್ಯಾಲಿರೋ ಅಪವಾದನಾದ್ರೂ ಇಳೀತದೆ" ಎಂದಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟ. ಚೀಲದಲ್ಲಿ ಅದೇ ಸಲಾಕೆ, ತಂತಿ, ಟೆಸ್ಟರು. ಕಣ್ಣೆದುರಿಗೇ ತೋರಿಸಿಬಿಟ್ಟರೆ ಯಾರಾದರೂ ಒಪ್ಪಲೇಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಪಟ್ಟನಾಯಕನಹಳ್ಳಿಯಲ್ಲಿ ಇಳಿದು ನಡೆದು ಹೋಗಿ, ಹಟ್ಟಿಯ ಮುಳ್ಳುಬೇಲಿಯ ಆಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆ ಹೊಳೆಯಿತು: ಹಟ್ಟಿಗೆ ಇನ್ನೂ ಕರೆಂಟೇ ಬಂದಿಲ್ಲ. ಟೆಸ್ಟರನ್ನು ಏನಕ್ಕೆ ಮುಟ್ಟಿಸುವುದು? ಇಪ್ಪತ್ತು ವರ್ಷ ಕರೆಂಟಿನ ಜೊತೆ ಬಾಳಿದವನು ಇಷ್ಟನ್ನು ಯೋಚಿಸಿರಲಿಲ್ಲ.

ಹಟ್ಟಿಯ ಯಜಮಾನ ನರಸಪ್ಪ ವಯಸ್ಸಾದವನು, ಸಭ್ಯ. ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಡಿಸಿದ. ಹತ್ತು ಹನ್ನೆರಡು ಜನ ಸೇರಿದರು. ಕ್ಯಾತಪ್ಪ ಬೇಲಿಯ ಆಚೆಗೆ ಜಾಲಿ ಮರದಡಿ ಕೂತಿದ್ದ, ಅಲ್ಲಿಂದಲೇ ಕೇಳುತ್ತಿದ್ದ. ನಂದೀಶ್ವರಯ್ಯ ಮಣ್ಣಿನ ಮೇಲೆ ಕಡ್ಡಿಯಲ್ಲಿ ಪೆಟ್ಟಿಗೆ ಬರೆದ, ತಂತಿ ಬರೆದ, ಗುಂಡಿ ಬರೆದ. ಕರೆಂಟು ಹೇಗೆ ಸೋರುತ್ತದೆ, ಒದ್ದೆ ಮಣ್ಣು ಅದನ್ನು ಹೇಗೆ ಕುಡಿಯುತ್ತದೆ, ಒಣ ಮಣ್ಣು ಹೇಗೆ ಕುಡಿಯುವುದಿಲ್ಲ ಎಂದು ಹೇಳಿದ. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಹೇಳಿದ:

"ದೇವರು ಹೊಡೀಲಿಲ್ಲ ಯಜಮಾನ್ರೇ. ನಾನು ನೀರು ಹಾಕೋದ ಮರೆತೆ. ತಪ್ಪು ನಂದು. ಏನ್ ಮಾಡೋದಿದ್ರೂ ನನಗೆ ಮಾಡ್ರಿ. ಅವನನ್ನ ಒಳಕ್ಕೆ ಸೇರಿಸ್ಕೊಳ್ರಿ."

ಯಾರೂ ಸಿಟ್ಟಾಗಲಿಲ್ಲ. ಹೊಡೆಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ನರಸಪ್ಪ ನೆಲದ ಮೇಲಿನ ಗೀಟುಗಳನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದ:

"ವರ್ಸಕ್ಕೆ ಎಷ್ಟು ಮದುವೆ ಮಾಡ್ತೀರಿ ಅಯ್ನೋರೇ?"

"ಐವತ್ತು, ಅರವತ್ತು."

"ಇದ್ಕೂ ಮುಂಚೆ ಯಾವತ್ತಾದ್ರೂ ನೀರು ಮರ್ತಿದ್ರಾ?"

"ಇಲ್ಲ."

"ಆಮೇಲೆ?"

"ಇಲ್ಲ."

"ಅವತ್ತೊಂದಿನ ಯಾಕೆ ಮರ್ತ್ರಿ?"

ಮಾತು ಎತ್ತ ಹೋಗುತ್ತಿದೆ ಎಂದು ನಂದೀಶ್ವರಯ್ಯನಿಗೆ ಕಂಡಿತು, ಆದರೆ ಸುಳ್ಳು ಹೇಳಲು ಬಂದವನಲ್ಲ. "ಕೇಳ್ತಾ ನಿಂತ್ಬಿಟ್ಟೆ" ಎಂದ.

"ಏನ್ನ?"

"ಅವನು ನುಡಿಸ್ತಿದ್ದದ್ದ. ಗಣೆ ರಾಗಾನ."

"ಕೊಡ ಎಲ್ಲಿತ್ತು?"

"ಹೆಗಲ ಮೇಲೇ ಇತ್ತು."

ಕೂತಿದ್ದವರ ಬಾಯಿಂದ ಒಂದು ಉಸಿರು ಹೊರಟಿತು. ಒಬ್ಬಿಬ್ಬರು ಗುಡಿಯ ಕಡೆಗೆ ತಿರುಗಿ ಕೈಮುಗಿದರು. ನರಸಪ್ಪ ಕನಿಕರದಿಂದ ನಂದೀಶ್ವರಯ್ಯನ ಮಂಡಿಯ ಮೇಲೆ ಕೈಯಿಟ್ಟ.

"ಅದೇ ಕಣ್ರಪ್ಪಾ. ತುಂಬಿದ ಕೊಡ ಹೆಗಲ ಮ್ಯಾಲಿತ್ತು, ಗುಂಡಿ ಕಣ್ಮುಂದೆ ಇತ್ತು. ಎಂದೂ ಮರೀದೋರ್ನ ಮರಸ್ದೋನು ಯಾರು? ನೀವ್ಯಾಕೆ ನೊಂದ್ಕಂತೀರಿ ಅಯ್ನೋರೇ, ನಿಮ್ದೇನೂ ತಪ್ಪಿಲ್ಲ. ನಿಮ್ಮ ಕಾಲು ಹಿಡ್ದು ನಿಲ್ಸಿದ್ದೇ ಅವ್ನು."

ನಂದೀಶ್ವರಯ್ಯ ಇಲ್ಲ ಎಂದ. ಹಾಗಲ್ಲ ಎಂದ. ಮತ್ತೆ ಮೊದಲಿನಿಂದ ವಾಲ್ವು, ತಂತಿ, ಉಪ್ಪು ಎಂದು ಹೇಳತೊಡಗಿದ. ಅವರು ಮತ್ತೆ ಅಷ್ಟೇ ಮರ್ಯಾದೆಯಿಂದ ಕೇಳಿಸಿಕೊಂಡರು. ಅವನು ಹೇಳಿದಷ್ಟೂ ಅವರ ಮಾತೇ ಗಟ್ಟಿಯಾಗುತ್ತ ಹೋಯಿತು. ತಾನು ಅಪವಾದ ಇಳಿಸಲು ಬಂದು, ಅದಕ್ಕೆ ಸಾಕ್ಷಿ ಹೇಳಿ ಮೊಳೆ ಹೊಡೆದೆ ಎಂದು ಅವನಿಗೆ ಅರ್ಥವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಲಾಕೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದ.

ಬಸ್ಸಿನ ತನಕ ಕ್ಯಾತಪ್ಪ ಜೊತೆಗೆ ಬಂದ. ಅರ್ಧ ದಾರಿಯಲ್ಲಿ ನಂದೀಶ್ವರಯ್ಯ ಕೇಳಿದ: "ನಿಂಗೂ ಹಂಗೇ ಅನ್ಸುತ್ತೇನ್ಲಾ? ದೇವರು ಹೊಡ್ದ ಅಂತ?"

"ನಂಗೆ ಆಸ್ಪತ್ರೆಯಾಗೇ ಗೊತ್ತಿತ್ತು ಅಯ್ನೋರೇ, ನೀರು ಹಾಕಿರ್ಲಿಲ್ಲ ಅಂತ. ನಿಮ್ಮ ಮೊಕ ನೋಡುದ್ರೆ ಗೊತ್ತಾಗ್ತಿತ್ತು." ಎಳೆದ ತುಟಿಯಲ್ಲಿ ಅವನ ಮಾತು ಸೀಳಿ ಬರುತ್ತಿತ್ತು. "ಆದ್ರೂ ದ್ಯಾವ್ರೇ ಹೊಡ್ದ ಅನ್ಕಂತೀನಿ ಬುಡ್ರಿ. ದ್ಯಾವ್ರ ಮ್ಯಾಲೆ ಕ್ವಾಪ ಮಾಡ್ಕಂಡು ಹೆಂಗೋ ಬದುಕ್ಬೋದು. ನಿಮ್ಮ ಮ್ಯಾಲೆ ಮಾ‌ಡ್ಕಂಡು ನಾನು ಎಲ್ಲಿಗೆ ಹೋಗ್ಲಿ?"

ಬಸ್ಸು ಬಂತು. ನಂದೀಶ್ವರಯ್ಯ ಹತ್ತಿದ. ಮಧುಗಿರಿ ಬರುವ ತನಕ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಅತ್ತ. ಟಿಕೆಟ್ ಕೇಳಲು ಬಂದ ಕಂಡಕ್ಟರು ಸುಮ್ಮನೆ ಮುಂದಕ್ಕೆ ಹೋಗಿ ಆಮೇಲೆ ಬಂದ.

ಮಲ್ಲೇಶ್ವರ ಮೆಲೋಡೀಸ್ ಎರಡು ವರ್ಷದಲ್ಲಿ ಮುಚ್ಚಿತು. ಗಣೆಯನ್ನು ಕ್ಯಾತಪ್ಪನ ಚಿಕ್ಕಪ್ಪನ ಮಗನಿಗೆ ಕೊಟ್ಟರು, ಅವನಿಗೆ ಉಸಿರು ಸಾಲುತ್ತಿರಲಿಲ್ಲವಂತೆ. ಶಿರಾದ ಸಾಬರು ಹಳೇ ನೆನಪಿಗೆ ಕ್ಯಾತಪ್ಪನನ್ನು ಮತ್ತೆ ಬ್ಯಾಂಡಿಗೆ ಸೇರಿಸಿಕೊಂಡು, ಒಂದೇ ಕೈಯಲ್ಲಿ ಬಾರಿಸಬಹುದಾದ ದೊಡ್ಡ ಡ್ರಮ್ಮನ್ನು ಕೊರಳಿಗೆ ಹಾಕಿದರು. ನಂದೀಶ್ವರಯ್ಯ ಆ ಹಳೇ ಪೆಟ್ಟಿಗೆಗಳನ್ನು ಒಡೆದುಹಾಕಿ ಹೊಸ ಆಂಪ್ಲಿಫೈಯರು ತಂದ. ಅದಕ್ಕೆ ಅರ್ತು ಗಿರ್ತು ಅಷ್ಟಾಗಿ ಬೇಕಿಲ್ಲ ಎಂದು ಅಂಗಡಿಯವನು ಹೇಳಿದ್ದ. ಆದರೂ ಇವನು ಗುಂಡಿ ತೋಡುತ್ತಿದ್ದ. ಹಾಡು ಶುರುವಾಯಿತೆಂದರೆ ಸಾಕು, ಎಲ್ಲದಕ್ಕೂ ಬೆನ್ನು ಹಾಕಿ ಕೊಡ ಹಿಡಿದು ಬಾವಿಗೂ ಗುಂಡಿಗೂ ಓಡಾಡುತ್ತಿದ್ದ. ಕಿಚಾಯಿಸುವವರು ಕೂಡ ಸುಮ್ಮನಾಗಿಬಿಟ್ಟಿದ್ದರು.

ಎಂಬತ್ತಾರರಲ್ಲಿ ಗೊರವನಹಳ್ಳಿಯ ಒಂದು ಮದುವೆಯಲ್ಲಿ ಇಬ್ಬರೂ ಸೇರಿದರು. ಬೆಳಗಿನ ಮೆರವಣಿಗೆ ಮುಗಿಸಿ ಬ್ಯಾಂಡಿನವರು ಬೀಡಿ ಹಚ್ಚಿದಾಗ ಕ್ಯಾತಪ್ಪ ಡ್ರಮ್ಮು ಕೆಳಗಿಟ್ಟು ಗುಂಡಿಯ ಪಕ್ಕ ಬಂದು ಕೂತ.

"ಸಾಕು ಬುಡ್ರಿ ಅಯ್ನೋರೇ, ಕೆಸರಾಗೈತೆ."

ನಂದೀಶ್ವರಯ್ಯ ಇನ್ನೊಂದು ಕೊಡ ಸುರಿದ.

"ನಾಕು ವರ್ಸದಿಂದ ನೀವು ಯಾವ್ದನ್ನೂ ಕೇಳ್ತಿಲ್ಲ, ನಂಗೊತ್ತು. ಅವತ್ತು ಕೇಳುದ್ರಲ್ಲ, ಕೊರಟಗೆರೆಯಾಗೆ. ಹೊರಗಿನೋರು ಅಂತ ಅದ್ನ ಕೇಳ್ದೋರು ನೀವೊಬ್ರೇ. ಯಾವತ್ತೂ ಹೇಳ್ಲಿಲ್ಲ ನೀವು. ಹೆಂಗಿತ್ತು?"

ಸೌಂಡ್ ಸರಿ ಇತ್ತು ಎನ್ನಲು ನಂದೀಶ್ವರಯ್ಯ ಬಾಯಿ ತೆರೆದ. ಹೊರಡಲಿಲ್ಲ. ಖಾಲಿ ಕೊಡವನ್ನು ನೆಲಕ್ಕಿಟ್ಟ, ಮತ್ತೆ ಎತ್ತಿಕೊಂಡ.

"ಕೊಡ ತುಂಬಿತ್ತು ಕಣ್ಲಾ ಕ್ಯಾತ. ಹೆಗಲ ಮ್ಯಾಲಿತ್ತು. ನಂಗೆ ಭಾರವೇ ಗೊತ್ತಾಗ್ಲಿಲ್ಲ."

ಕ್ಯಾತಪ್ಪ ತಲೆ ತಗ್ಗಿಸಿ ಮಡಚಿದ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ನೀವಿಕೊಳ್ಳುತ್ತ ಕೂತ. ಚಪ್ಪರದ ಕಡೆಯಿಂದ ಸಾಬರು ಕೂಗಿದರು. ಅವನು ಎದ್ದು ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡು ನಡೆದ. ನಂದೀಶ್ವರಯ್ಯ ಕೊಡ ಹಿಡಿದು ಬಾವಿಯ ಕಡೆಗೆ ಹೋದ.